ನೆಂಟರ ಗವಿಯ ತಂಪು

ಬೇಸಿಗೆಯಲ್ಲಿ ಬರಿಗಾಲಲ್ಲಿ ಬಂಡೆಯ ಮೇಲೆ ನಿಂತಿದ್ದೀರಾ, ಮಕ್ಕಳೇ? ನಿಂತಿದ್ದರೆ ಕಲ್ಲುಬಯಲು ಎಂಥ ಜಾಗ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಎತ್ತ ನೋಡಿದರೂ ಬಂಡೆ, ಬಂಡೆಯ ಮೇಲೊಂದು ಬಂಡೆ, ನಡುನಡುವೆ ಕಾರೆಮುಳ್ಳಿನ ಪೊದೆ. ಬಿಸಿಲೇರಿತೆಂದರೆ ಓತಿಕೇತ ಕೂಡ ಒಂದು ಕಾಲು ಊರಿ ಇನ್ನೊಂದು ಕಾಲು ಎತ್ತಿಕೊಂಡು ನಿಲ್ಲುತ್ತಿತ್ತು.

ಆ ಬಯಲಿನ ಗವಿಯೊಂದರಲ್ಲಿ ಜಾಂಬಿ ಎಂಬ ಹರೆಯದ ಕರಡಿ ತನ್ನ ಅವ್ವನ ಜೊತೆ ಇದ್ದಳು. ಜಾಂಬಿ ಹುಟ್ಟುವಾಗಲೇ ಕರಿಕಂಬಳಿ ಹೊದ್ದು ಬಂದವಳು. ಆ ಕಂಬಳಿಯನ್ನು ಬಿಚ್ಚಿಡುವಂತಿಲ್ಲ, ಸೆಕೆಗಾಲಕ್ಕೆ ಮಡಿಸಿಡುವಂತಿಲ್ಲ. ಅವಳಿಗೋ ತಿರುಗಾಟವೆಂದರೆ ಪ್ರಾಣ. ಮರ ಹತ್ತಬೇಕು, ಹುತ್ತ ಅಗೆಯಬೇಕು, ಗುಡ್ಡದಿಂದ ಗುಡ್ಡಕ್ಕೆ ಓಡಬೇಕು. ಆದರೆ ಏನು ಮಾಡುತ್ತಾಳೆ? ಹೊತ್ತು ಸ್ವಲ್ಪ ಏರಿದರೆ ಸಾಕು, ನಾಲಗೆ ಹೊರಗೆ ಬರುತ್ತಿತ್ತು. ಓಡಿ ಗವಿ ಸೇರಿದರೆ ಸಂಜೆಯವರೆಗೂ ಗೋಡೆ ನೋಡುತ್ತ ಕೂರಬೇಕು. ಪಾಪ, ಅವಳ ಬಾಲ್ಯವೆಲ್ಲ ಗೋಡೆ ನೋಡುವುದರಲ್ಲೇ ಕಳೆದಿತ್ತು.

ಆ ವರ್ಷ ಉಡದ ಮೇಷ್ಟ್ರ ಶಾಲೆಯಲ್ಲಿ ಅವಳ ಓದು ಮುಗಿಯಿತು. ಗಾಳಿಯಲ್ಲಿ ವಾಸನೆ ಹಿಡಿಯುವುದು, ಬಲೆಯನ್ನು ಗುರುತಿಸುವುದು, ಜೇನುಹುಳಕ್ಕೆ ಮುಖ ಕೊಡದೆ ಜೇನು ಕೀಳುವುದು ಎಲ್ಲವನ್ನೂ ಕಲಿತಳು. ಇನ್ನು ಉಳಿದದ್ದು ‘ನೆಲೆ ಹೇಳುವ ದಿನ’.

ಅದು ಆ ಬಯಲಿನ ಪದ್ಧತಿ. ಓದು ಮುಗಿಸಿದವರು ಎಲ್ಲರೆದುರು ದೊಡ್ಡ ಬಂಡೆ ಹತ್ತಿ, ತಾವು ಬಾಳಲಿರುವ ಊರಿನ ಹೆಸರನ್ನು ಹೇಳಬೇಕು. ಹೇಳಿದ ತಕ್ಷಣ ಅವರು ಮಲಗುತ್ತಿದ್ದ ಜಾಗ ಬೇರೆಯವರ ಪಾಲಾಗುತ್ತದೆ. ಬಯಲಲ್ಲಿ ನೆರಳೇ ಕಡಿಮೆ, ಖಾಲಿ ಬಿಡಲು ಯಾರ ಬಳಿಯೂ ಜಾಗವಿಲ್ಲ. ಹೆಸರು ಹೇಳಿದ ಊರಿನಲ್ಲಿ ಮುಂದಿನ ವರ್ಷದ ಅದೇ ದಿನದವರೆಗೂ ಇರಲೇಬೇಕು. “ಅಯ್ಯೋ, ತಪ್ಪಾಯ್ತು” ಎಂದರೆ ಕೇಳುವವರಿಲ್ಲ.

“ಜಾಂಬಿ, ಹೆಸರು ಹೇಳೋದು ಒಂದು ಉಸಿರಿನ ಕೆಲಸ. ಅಲ್ಲಿ ಇರೋದು ವರ್ಷದ ಕೆಲಸ. ಹೋಗಿ ನೋಡ್ಕೊಂಡು ಬಾ,” ಎಂದಳು ಅವ್ವ.

“ನೋಡೋದೇನಿದೆ ಚಿಕ್ಕವ್ವ? ಮಂಜುಗುಡ್ಡ ಇದೆಯಲ್ಲ!” ಎಂದ ಪಕ್ಕದ ಬಿಲದ ಕಂಟಪ್ಪ. ಕಂಟಪ್ಪ ಮುಳ್ಳುಹಂದಿ, ಜಾಂಬಿಯ ಜೊತೆಯಲ್ಲೇ ಓದಿದವನು. “ನಾನು ಹೋಗಿ ಇದ್ದು ಬಂದಿದ್ದೀನಿ. ಏನ್ ತಂಪು, ಏನ್ ಗಾಳಿ! ಅಲ್ಲಿ ಮಧ್ಯಾಹ್ನ ನನಗೆ ಚಳಿ ಹತ್ತಿತ್ತು, ಗೊತ್ತಾ?”

ಮಂಜುಗುಡ್ಡ ಬಯಲಿನಿಂದಲೇ ಕಾಣುತ್ತಿತ್ತು. ಬೆಳಗಾದರೆ ಅದರ ನೆತ್ತಿಯ ಮೇಲೆ ಮೋಡದ ಪೇಟ. ಹೋಗಿ ಬಂದವರೆಲ್ಲ ಹೊಗಳುವವರೇ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ನಿಮಗೆ ಗೊತ್ತು. ಆದರೆ ಹತ್ತಿರ ಹೋಗಿ ನೋಡಿದರೂ ನುಣ್ಣಗೇ ಕಂಡರೆ ಏನು ಮಾಡುತ್ತೀರಿ? ಜಾಂಬಿಗೂ ಹಾಗೇ ಆಯಿತು, ಕೇಳಿ.

ಅವಳು ಗುಡ್ಡ ತಲುಪುವ ಹೊತ್ತಿಗೆ ಇನ್ನೂ ನಸುಕು. ಗುಡ್ಡದ ಯಜಮಾನ ಬಾಲಣ್ಣ ಎಂಬ ಮುದಿ ಮುಸುವ ಎದುರು ಬಂದ. ಕರಿಮೂತಿಯ, ಉದ್ದಬಾಲದ ಕೋತಿ ಅವನು.

“ಬಾ ಮಗಳೇ, ಬಾ! ನಮ್ಮೂರಿಗೆ ಬಂದವರು ನಮ್ಮ ತಲೆ ಮೇಲೆ!” ಎನ್ನುತ್ತ ಅವಳನ್ನು ನೇರ ನೆಂಟರ ಗವಿಗೆ ಕರೆದೊಯ್ದ.

ಅಬ್ಬಾ, ಆ ಗವಿ! ಬಾಗಿಲಿಗೆ ಲಾವಂಚದ ಬೇರಿನ ದಪ್ಪ ತೆರೆ. ಅದರೊಳಗಿಂದ ನುಸುಳಿ ಬರುವ ಗಾಳಿ ತಣ್ಣಗೆ, ಘಮಘಮ. ನೆಲಕ್ಕೆ ಹಸಿರೆಲೆಯ ಹಾಸು. ಬಾಲಣ್ಣನ ಹೆಂಡತಿ ಸೂರಕ್ಕ ಜೇನು ತಂದಿಟ್ಟಳು, ನೇರಳೆ ಹಣ್ಣು ತಂದಿಟ್ಟಳು. ಜಾಂಬಿ ಉಂಡಳು, ಮಲಗಿದಳು, ಮತ್ತೆ ಎದ್ದು ಉಂಡಳು. ಮಧ್ಯಾಹ್ನವಾದರೂ ಅವಳ ನಾಲಗೆ ಬಾಯೊಳಗೇ ಇತ್ತು! ‘ಇನ್ನೇನು, ಇದೇ ನನ್ನೂರು’ ಎಂದು ಅವಳ ಮನಸ್ಸು ಕುಣಿಯಿತು.

“ಸ್ವಲ್ಪ ಹೊರಗೆ ಸುತ್ತಾಡಿ ಬರ್ತೀನಿ ಅತ್ತೆ,” ಎಂದಳು.

“ಛೆ ಛೆ! ನೆಂಟರು ಬಿಸಿಲಲ್ಲಿ ತಿರುಗೋದುಂಟಾ? ನಮ್ಮ ಮರ್ಯಾದೆ ಏನಾಗ್ಬೇಕು? ಮಲ್ಕೋ ಮಗಳೇ,” ಎಂದು ಸೂರಕ್ಕ ಅವಳನ್ನು ಕೂರಿಸಿಬಿಟ್ಟಳು.

ಜಾಂಬಿ ಕೂತಳು. ಕೂತವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಗಾಳಿ ಬೆಚ್ಚಗಾಗುತ್ತಿತ್ತು. ಬೆಚ್ಚಗೆ ಹೋಗಿ ಬಿಸಿಯಾಗುತ್ತಿತ್ತು. ಆಗ ಹೊರಗೆ ಸಳಸಳ ಎಂದು ನೀರು ಸುರಿದ ಸದ್ದು. ಮತ್ತೆ ತಂಪು. ಇನ್ನೊಂದು ಸಲ ಸೂರಕ್ಕ ಹಣ್ಣು ಹಿಡಿದು ಒಳಗೆ ಬಂದಾಗ ಅವಳ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಹಾಗಿದ್ದೂ ಅವಳು ಕೇಳಿದ್ದೇನು? “ಚಳಿ ಆಗ್ತಿಲ್ಲ ತಾನೇ, ಮಗಳೇ?”

‘ಮನೆಯೊಡತಿ ಏದುಸಿರು ಬಿಡುವಾಗ ನನಗೊಬ್ಬಳಿಗೇ ಚಳಿ ಹೇಗೆ?’ ಎಂದುಕೊಂಡಳು ಜಾಂಬಿ. ಆದರೆ ನೆಂಟರನ್ನು ಹೊರಗೆ ಬಿಡದ ಊರು ಅದು. ಅಂಥ ಊರಿನಿಂದ ಹೊರಬೀಳಲು ಅವಳೊಂದು ಉಪಾಯ ಹೂಡಿದಳು.

“ಅಯ್ಯಯ್ಯೋ ಅತ್ತೆ!” ಎಂದು ಹೊಟ್ಟೆ ಹಿಡಿದುಕೊಂಡಳು. “ಮರೆತೇಬಿಟ್ಟೆ ನೋಡಿ. ನಾವು ಕರಡಿಗಳಲ್ಲಿ ಉಂಡ ಮನೆಗೆ ಒಂದು ಬುರುಡೆ ನೀರಾದ್ರೂ ಹೊತ್ತು ತರ್ಬೇಕು. ಇಲ್ಲಾಂದ್ರೆ ಉಂಡದ್ದು ಜೀರ್ಣ ಆಗಲ್ಲ.”

ಕರಡಿಗಳಲ್ಲಿ ಅಂಥ ಪದ್ಧತಿ ಯಾವ ಕಾಲಕ್ಕೂ ಇರಲಿಲ್ಲ. ಆದರೆ ನೆಂಟರ ಹೊಟ್ಟೆ ಕೆಡಿಸುವುದುಂಟೇ? ಬಾಲಣ್ಣ, ಸೂರಕ್ಕ ಮುಖ ಮುಖ ನೋಡಿಕೊಂಡರು. ಬೇರೆ ದಾರಿ ಕಾಣದೆ ಒಂದು ಸೋರೆಬುರುಡೆಯನ್ನು ಅವಳ ಕೈಗೆ ಕೊಟ್ಟರು.

ತೆರೆ ಸರಿಸಿ ಹೊರಗೆ ಕಾಲಿಟ್ಟಳೋ ಇಲ್ಲವೋ, ಜಾಂಬಿ ಹಾರಿಬಿದ್ದಳು. ನೆಲ ಕಾದ ಕಾವಲಿ! ಬೆಳಗಿನ ಮೋಡದ ಪೇಟ ಎಲ್ಲಿ ಹೋಯಿತೋ ಏನೋ, ಗುಡ್ಡದ ಬೋಳುನೆತ್ತಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಒಂದು ಮರವಿಲ್ಲ. ಊರಿನವರೆಲ್ಲ ಬಿರುಕುಗಳಲ್ಲಿ ಅಡಗಿ ಗೋಡೆ ನೋಡುತ್ತ ಕೂತಿದ್ದರು. ಹೊರಗಿದ್ದವರೆಂದರೆ ಬುರುಡೆ ಹೊತ್ತು ಸಾಲಾಗಿ ಹೋಗುತ್ತಿದ್ದ ನಾಲ್ಕಾರು ಮುಸುವಗಳು ಮಾತ್ರ. ಲಾವಂಚದ ತೆರೆ ಒಣಗದಂತೆ ನೋಡಿಕೊಳ್ಳುವುದೇ ಅವುಗಳ ಬದುಕಾಗಿತ್ತು. ನೆಂಟರು ಹೊಗಳಿಕೊಂಡು ಹೋದಷ್ಟೂ ಹೊಸ ನೆಂಟರು, ಹೊಸ ನೆಂಟರು ಬಂದಷ್ಟೂ ಇನ್ನಷ್ಟು ನೀರು. ಹೊಗಳಿಕೆಗೆ ಬಿದ್ದ ಊರು ಅದು!

ಜಾಂಬಿಗೆ ಅಳುವೇ ಬಂತು. ಎಷ್ಟು ಆಸೆಯಿಂದ ಬಂದಿದ್ದಳು! ಆದರೆ ಅಳುತ್ತ ನಿಂತರೆ ಅಂಗಾಲು ಸುಡುತ್ತದಲ್ಲ? ನಡೆಯುತ್ತ ಯೋಚಿಸಿದಳು: ‘ಇಷ್ಟು ನೀರು ಎಲ್ಲಿಂದಲೋ ಬರಬೇಕಲ್ಲ. ನೀರಿದ್ದಲ್ಲಿ ನೆರಳಿರಬೇಕು.’ ಬುರುಡೆಯವರ ಹಿಂದೆಯೇ ಗುಡ್ಡದ ಬೆನ್ನಿನ ಕಡೆಗೆ ಇಳಿದಳು.

ಇಳಿದಂತೆಲ್ಲ ಕಾಲಿಗೆ ಹುಲ್ಲು ಸಿಕ್ಕಿತು. ಹುಲ್ಲು ಮುಗಿದಲ್ಲಿ ಮರ ಸಿಕ್ಕಿತು. ಕೆಳಗೆ ಹೊಳೆಮತ್ತಿ ಮರಗಳ ನಡುವೆ ಹಳ್ಳವೊಂದು ಗುಳುಗುಳು ಹರಿಯುತ್ತಿತ್ತು. ಗುಡ್ಡದ ಮರೆಯಲ್ಲಿದ್ದ ಕಾರಣ ಬಯಲಿನವರ ಕಣ್ಣಿಗೆ ಅದು ಎಂದೂ ಬಿದ್ದಿರಲಿಲ್ಲ. ಜಾಂಬಿಯನ್ನು ಬೆರಗುಗೊಳಿಸಿದ್ದು ನೀರಲ್ಲ, ನೆರಳಲ್ಲ. ಸೂರ್ಯ ನೆತ್ತಿಯ ಮೇಲಿದ್ದಾನೆ, ಆದರೂ ಅಲ್ಲಿ ಯಾರೂ ಮನೆಯೊಳಗಿಲ್ಲ! ಜಿಂಕೆಮರಿಗಳು ಓಡಾಟದಲ್ಲಿದ್ದವು. ಕೆಂದಳಿಲುಗಳು ಮರದಿಂದ ಮರಕ್ಕೆ ಜಗಳವಾಡುತ್ತ ನೆಗೆಯುತ್ತಿದ್ದವು. ನೀರುನಾಯಿಯೊಂದು ಮೀನಿಗೆ ಹೊಂಚು ಹಾಕಿತ್ತು.

“ಏನಮ್ಮ ಕರಡಿ, ದಾರಿ ಮಧ್ಯೆ ಕಂಬದ ಹಾಗೆ ನಿಂತ್ಕೊಂಡ್ರೆ ಹೆಂಗೆ? ಮೀನು ಹೆದರ್ತಾವೆ, ಪಕ್ಕಕ್ಕೆ ಸರಿ!” ಎಂದು ಗದರಿತು ನೀರುನಾಯಿ.

“ಇದು ಯಾವ ಊರು ಅಕ್ಕ?”

“ಮತ್ತಿಹಳ್ಳ. ಸರಿ ಅಂದ್ನಲ್ಲ!”

ಇಲ್ಲಿ ಅವಳನ್ನು ಬಾ ಎಂದವರಿಲ್ಲ, ಕೂರು ಎಂದವರಿಲ್ಲ. ಜಾಂಬಿ ಬುರುಡೆ ತುಂಬಿ ಗುಡ್ಡ ಹತ್ತಿ ಸೂರಕ್ಕನಿಗೆ ಒಪ್ಪಿಸಿದಳು, ಉಂಡದ್ದಕ್ಕೆ ಕೈಮುಗಿದಳು. ಮರಳಿ ಮತ್ತಿಹಳ್ಳಕ್ಕೆ ಇಳಿದಳು. ಅಲ್ಲಿ ತಾನೇ ಹುತ್ತ ಹುಡುಕಿ ಅಗೆದಳು, ತಾನೇ ಮರ ಹತ್ತಿ ಜೇನು ಕಿತ್ತಳು, ಮಲಗಲು ಒಂದು ಪೊಟರೆ ಹುಡುಕಿಕೊಂಡಳು. ಮಾರನೆಯ ದಿನ ಬೇಕೆಂದೇ ಉರಿಮಧ್ಯಾಹ್ನದಲ್ಲಿ ಹಳ್ಳದುದ್ದಕ್ಕೂ ಓಡಿ ನೋಡಿದಳು. ದಣಿವಾಯಿತು, ಹಸಿವಾಯಿತು, ಒಂದು ಕಡೆ ಜಾರಿಬಿದ್ದು ಮೊಣಕಾಲೂ ತರಚಿತು. ಆದರೆ ಓಡುವುದನ್ನು ನಿಲ್ಲಿಸಬೇಕು ಎಂದು ಮಾತ್ರ ಅನಿಸಲಿಲ್ಲ.

ಬಯಲಿಗೆ ಮರಳಿದವಳೇ ಕಂಟಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ಮುಳ್ಳು ನಿಮಿರಿಸಿಕೊಂಡು ನಿಂತ.

“ಹೊಟ್ಟೆತುಂಬ ಅವರ ಜೇನು ತಿಂದು ಬಂದು ಹಿಂಗ್ ಆಡ್ತೀಯಲ್ಲೇ! ಉಂಡ ಮನೆ ಜಂತೆ ಎಣಿಸ್ಬಾರ್ದು ಅಂತ ಗೊತ್ತಿಲ್ವಾ?”

“ಉಂಡು ಹೋಗೋರು ಎಣಿಸ್ಬಾರ್ದು ಕಣೋ,” ಎಂದಳು ಜಾಂಬಿ. “ಅದೇ ಸೂರಿನ ಕೆಳಗೆ ವರ್ಷ ಮಲಗೋರು ಎಣಿಸ್ಲೇಬೇಕು.”

“ಹೋಗೇ! ನನ್ನ ಮೈಗೆ ತಂಪಾಗಿದ್ದು ಸುಳ್ಳಾ?”

“ಸುಳ್ಳಲ್ಲ. ಆ ತಂಪನ್ನ ಹೊತ್ತು ತಂದೋರು ಯಾರು ಅಂತ ನೀನು ಕೇಳ್ಲಿಲ್ಲ, ಅಷ್ಟೇ.”

ಕಂಟಪ್ಪ ಕೇಳಲೇ ಇಲ್ಲ. ನೆಲೆ ಹೇಳುವ ದಿನ ಬಂತು. ಬಯಲಿಗೆ ಬಯಲೇ ಸೇರಿತು. ಕಂಟಪ್ಪ ಬಂಡೆ ಹತ್ತಿ “ಮಂಜುಗುಡ್ಡ!” ಎಂದಾಗ ಕಿವಿ ತೂತಾಗುವಷ್ಟು ಚಪ್ಪಾಳೆ. ಮೇಷ್ಟ್ರು ಕೂಡ ತಲೆಯಾಡಿಸಿದರು.

ಜಾಂಬಿ ಹತ್ತಿದಳು. “ಮತ್ತಿಹಳ್ಳ,” ಎಂದಳು.

“ಎಲ್ಲಿದೆಯಮ್ಮ ಅದು?” ಎಂದು ಯಾರೋ ಕೂಗಿದರು. “ಹೆಸರೇ ಕೇಳಿಲ್ಲ!” ಎಂದರು ಇನ್ನೊಬ್ಬರು. “ಹಳ್ಳಕ್ಕೆ ಬಿದ್ದಳು ಹುಡುಗಿ!” ಎಂದಿತು ಒಂದು ನರಿ. ಬಯಲೆಲ್ಲ ನಗೆಯೋ ನಗೆ. ಜಾಂಬಿಯ ಕಿವಿ ಬಿಸಿಯಾಯಿತು. ಅವಳ ಕಣ್ಣೆದುರಿಗೇ ಗವಿಯ ಅವಳ ಮೂಲೆ ಮೊಲದ ಸಂಸಾರವೊಂದರ ಪಾಲಾಯಿತು. ಇನ್ನು ಹಿಂದಕ್ಕೆ ದಾರಿಯಿಲ್ಲ. ಆದರೂ ಅವಳು ತಲೆ ತಗ್ಗಿಸಲಿಲ್ಲ. ಅವ್ವನ ಕಾಲಿಗೆರಗಿ ನಡೆದೇಬಿಟ್ಟಳು.

ಈಗ ಕಂಟಪ್ಪನ ಕತೆ ಕೇಳಿ. ಅವನು ಗುಡ್ಡ ತಲುಪಿ, ಹಳೆ ಅಭ್ಯಾಸದಂತೆ ನೇರ ನೆಂಟರ ಗವಿಯ ಕಡೆ ಹೊರಟ. ಬಾಲಣ್ಣ ಅಡ್ಡ ಬಂದ.

“ಎಲ್ಲಿಗಪ್ಪ? ಅದು ನೆಂಟರ ಗವಿ. ನೀನೀಗ ನೆಂಟನಲ್ಲ, ನಮ್ಮೂರಿನವನು!” ಎಂದು ಮುಳ್ಳು ಚುಚ್ಚದ ಜಾಗ ನೋಡಿ ಪ್ರೀತಿಯಿಂದ ಬೆನ್ನು ತಟ್ಟಿದ. ಆಮೇಲೆ ಎರಡು ಸೋರೆಬುರುಡೆಗಳನ್ನು ಅವನ ಮುಳ್ಳುಗಳಿಗೆ ಸಿಕ್ಕಿಸಿದ. “ನಡೀ, ಬೇಗ. ಕೆಳಗಿನಿಂದ ಹೊಸ ನೆಂಟರು ಬರ್ತಿದ್ದಾರೆ. ತೆರೆ ಒಣಗಬಾರದು.”

“ನಾನು ಮಲಗೋದೆಲ್ಲಿ?”

“ಆ ಬಿರುಕು ಇದೆಯಲ್ಲ. ಹಗಲು ಸ್ವಲ್ಪ ಸೆಕೆ. ಅಡ್ಜಸ್ಟ್ ಮಾಡ್ಕೋಬೇಕಪ್ಪ.”

ನೆತ್ತಿ ಸುಡುವ ಹೊತ್ತಿನಲ್ಲಿ ಕಂಟಪ್ಪ ಏಳುತ್ತ ಬೀಳುತ್ತ ಮತ್ತಿಹಳ್ಳಕ್ಕೆ ಇಳಿದ. ಅಲ್ಲಿ ಜಾಂಬಿ ಹಳ್ಳದ ಮಧ್ಯದ ಕಲ್ಲಿನ ಮೇಲೆ ಕೂತು, ಕಾಲು ನೀರಿಗಿಳಿಬಿಟ್ಟು ನೇರಳೆ ಹಣ್ಣು ಮೆಲ್ಲುತ್ತಿದ್ದಳು. ಬೆನ್ನ ಮೇಲೆ ಬುರುಡೆ ಕುಣಿಸಿಕೊಂಡು ಬಂದ ಗೆಳೆಯನನ್ನು ಕಂಡದ್ದೇ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸಾಕಾದ ಮೇಲೆ ಪಾಪ ಅನಿಸಿತು.

“ಜಾಂಬಿ, ಮುಂದಿನ ವರ್ಷ ನಾನೂ ಮತ್ತಿಹಳ್ಳ ಅಂತಲೇ ಹೇಳ್ತೀನಿ ಕಣೇ. ಆಣೆಗೂ!” ಎಂದ ಕಂಟಪ್ಪ ಏದುಸಿರಿನಲ್ಲಿ.

“ಅವಸರ ಬೇಡ್ವೋ. ನಾನು ಹೊಗಳಿದೆ ಅಂತ ಹೇಳಿದ್ರೆ ಮತ್ತೆ ಅದೇ ಕತೆ. ನೀರಿಗೆ ಹೇಗೂ ದಿನಾ ಬರ್ತೀಯ. ಬಂದಾಗೆಲ್ಲ ಒಂದಿಷ್ಟು ಗೆಡ್ಡೆ ನೀನೇ ಅಗೆದು ನೋಡು. ಸಿಕ್ಕಿದ್ರೆ ಈ ಊರು ನಿಂದು,” ಎಂದಳು ಜಾಂಬಿ. ಅವನ ಬುರುಡೆಗಳನ್ನು ತಾನೇ ತುಂಬಿಸಿಕೊಟ್ಟಳು.

“ಕಂಟಪ್ಪಾ! ತೆರೆ ಒಣಗ್ತಿದೆ!” ಎಂದು ಮೇಲಿನಿಂದ ಬಾಲಣ್ಣ ಕೂಗಿದ. ಕಂಟಪ್ಪ ನಿಟ್ಟುಸಿರಿಟ್ಟು ಗುಡ್ಡ ಹತ್ತಿದ.

ಅವನು ಮರೆಯಾದ ಮೇಲೆ ಜಾಂಬಿ ಹಳ್ಳ ದಾಟಿ, ಅಲ್ಲಿದ್ದುದರಲ್ಲೇ ಎತ್ತರದ ಹೊಳೆಮತ್ತಿ ಮರವನ್ನು ಸರಸರ ಏರಿದಳು. ತುದಿಯಿಂದ ನೋಡಿದರೆ, ಗುಡ್ಡದ ಪಕ್ಕದ ಸಂದಿನಲ್ಲಿ, ಅಷ್ಟು ದೂರದಲ್ಲಿ ಕಲ್ಲುಬಯಲು ಕಾಣಿಸಿತು. ಬಿಸಿಲಿಗೆ ಅದು ಹಬೆಯಾಡುತ್ತಿತ್ತು. ಜಾಂಬಿ ಎದೆತುಂಬ ಉಸಿರೆಳೆದು, ತಾನು ಆರಿಸಿಕೊಂಡ ಊರಿನ ಹೆಸರನ್ನು ಕಣಿವೆಯೆಲ್ಲ ಮೊಳಗುವಂತೆ ಕೂಗಿದಳು. ಯಾರೂ ನಗಲಿಲ್ಲ. ಸೂರ್ಯ ನಡುನೆತ್ತಿಯಲ್ಲಿದ್ದ, ಜಾಂಬಿ ಮನೆಯ ಹೊರಗಿದ್ದಳು!

ನೀತಿ: ನೆಂಟರಾಗಿ ಉಂಡು ಬಂದ ಊರನ್ನು ನೆಲೆಯೆಂದು ಆರಿಸಬೇಡಿ; ಮೊದಲು ಅಲ್ಲಿ ಒಂದು ದಿನ ದುಡಿದು ನೋಡಿ, ಆಮೇಲೆ ಹೆಸರು ಹೇಳಿ.