ಹಸಿ ಮಣ್ಣಿನ ಸರ

೧೯೬೮ನೆಯ ಇಸವಿ ಮಾರ್ಚ್ ೯, ಶನಿವಾರ. ನನ್ನ ಹಳೆಯ ದಿನಚರಿಯ ಆ ಪುಟಕ್ಕೆ ‘ಬಾಳವ್ವ ಕುಂಬಾರ ಹೇಳಿದ್ದು’ ಎಂಬ ತಲೆಬರಹವಿದೆ. ಕೇಳಿದ್ದನ್ನು ಅಂದೇ ಬರೆದಿಡುವುದು ಕಾಲೇಜಿನ ದಿನಗಳಿಂದ ಬಂದ ರೂಢಿಯಾದ್ದರಿಂದ, ಅವಳ ಮಾತಿನಲ್ಲಿ ನಾನು ಆಮೇಲೆ ಸೇರಿಸಿದ್ದು ಒಂದೂ ಇಲ್ಲ.

ಜನ ಗುರುವೆಂದು ನಡೆದುಕೊಳ್ಳುತ್ತಿದ್ದ ಪೂಜ್ಯ ಗೌರಾತಾಯಿಯವರು, ಅವಳು ಹೇಳಿದ ಆ ಸಂಗತಿ ನಡೆದಾಗ, ಮಲಪ್ರಭೆಯ ದಡದ ಕುಂಬಾರ ಓಣಿಯಲ್ಲಿ, ಮಡಕೆ ಒಣಗಿಸುವ ಒಂದು ತಗಡಿನ ಚಪ್ಪರದಡಿ ವಾಸವಾಗಿದ್ದರು. ಕೂರಲು ಗೋಣಿತಟ್ಟು, ನೀರಿಗೊಂದು ಮಣ್ಣಿನ ಮಗೆ. ಹೆಂಗಸರು ಮಣ್ಣು ತುಳಿಯುವಾಗ ತಾವೂ ಸೆರಗು ಕಟ್ಟಿ ತುಳಿಯುತ್ತಿದ್ದರು.

ಆ ಓಣಿಯಲ್ಲೊಂದು ಕಟ್ಟಳೆ. ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕುವಾಗ ಮನೆಯಲ್ಲಿ ಮಾಡಿದ ಹಸಿ ಸಾಮಾನು ಒಂದೂ ಹೊರಗುಳಿಯಕೂಡದು. ಉಳಿದರೆ ಒಳಗಿನದೆಲ್ಲ ಒಡೆಯುತ್ತದೆಂಬ ನಂಬಿಕೆ. ಬಾಳವ್ವನ ಮನೆಯಲ್ಲಿ ಒಂದು ಉಳಿದಿತ್ತು. ಮಗಳು ಚಂದ್ರವ್ವ ಜ್ವರದಲ್ಲಿ ತೀರಿಕೊಳ್ಳುವ ಮೊದಲು ಮಾಡಿದ ಮಣ್ಣಿನ ಗುಂಡಿನ ಸರ. ಗುಂಡುಗಳ ಮೇಲೆ ಅವಳ ಬೆರಳಿನ ಗುರುತು. ಸುಟ್ಟರೆ ಸಿಡಿದೀತು ಎಂಬ ಭಯ. ಸುಡದಿದ್ದರೆ ಆವಿಗೆ ಹೊತ್ತಿಸುವಂತಿಲ್ಲ. ಮಠದ ದಾಸೋಹ ಮನೆಯ ಗೋಡೆಗೆಂದು ಒಪ್ಪಿಕೊಂಡ ಗಿಳಿ, ಬಳ್ಳಿ, ತಾವರೆಯ ಮಣ್ಣಿನ ಬಿಲ್ಲೆಗಳು ಅರ್ಧಕ್ಕೇ ನಿಂತಿದ್ದವು.

“ಆವಿಗಿ ಮುದಿ ಎಮ್ಮಿ ಹಂಗ ಬಿದ್ದೈತಿ. ಮಂದಿ ನಗಾಕತ್ತಾರ. ಏನರೆ ಒಂದು ಹೇಳ,” ಎಂದ ಗಂಡ ಸಿದ್ರಾಮ.

“ನಗೋರ ಹಲ್ಲು ಎಣಿಸ್ಕೋತ ಕುಂದರು,” ಎಂದು ಬಾಳವ್ವ ಸರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಚಪ್ಪರಕ್ಕೆ ಬಂದಳು.

“ತಾಯಿ, ಸುಡಲ್ಯೋ, ಬಿಡಲ್ಯೋ? ನೀವು ಹೇಳಿದ್ದ ಖರೆ.”

ತಾಯಿಯವರು ಗುಂಡುಗಳನ್ನು ನಿಧಾನವಾಗಿ ನೋಡಿದರು. “ಯಾರಿಗಂತ ಮಾಡಿದ್ಲು?”

“ನನಗರೀ.”

“ಹಾಕ್ಕೊ ಮತ್ತ.”

“ಹಸೀದೈತ್ರಿ. ಬೆವರಿಗೆ ಕರಗ್ತೈತಿ.”

“ಹಾಕ್ಕೊಂಡು ಬಿಲ್ಲಿ ತಟ್ಟು,” ಎಂದು ಅಪ್ಪಣೆ ಕೊಟ್ಟರು.

ಬಾಳವ್ವನಿಗೆ ತಲೆಬುಡ ತಿಳಿಯಲಿಲ್ಲ. ಕೇಳಿದ್ದೊಂದು, ಸಿಕ್ಕಿದ್ದೊಂದು. ತಾಯಿಯವರು ಸರ ಉಳಿಸಿದರೋ, ಕಳೆದರೋ? ಮೀರಲೂ ಧೈರ್ಯವಿಲ್ಲ, ನಡೆಸಲೂ ಮನಸ್ಸಿಲ್ಲ. ಕೊನೆಗೆ, ಕೊರಳಲ್ಲಿದ್ದರೆ ಯಾರೂ ಕಸಿದು ಆವಿಗೆಗೆ ಹಾಕಲಾರರು ಎಂದುಕೊಂಡು ಹಾಕಿಕೊಂಡಳು.

ಮರದ ಅಚ್ಚಿಗೆ ಮಣ್ಣು ತುಂಬಿ ತಟ್ಟತೊಡಗಿದಳು. ಬಿಸಿಲೇರಿತು. ಗುಂಡುಗಳು ಮೆತ್ತಗಾಗಿ ಎದೆಯ ಮೇಲೆ ಕೆಂಪು ನೀರು ಇಳಿಯಿತು. ಗಾಬರಿಯಿಂದ ಒಂದನ್ನು ಹಿಡಿದಳು. ಕೈ ತೆಗೆದಾಗ ಅದರ ಮೇಲೆ ಮಗಳ ಬೆರಳಿರಲಿಲ್ಲ, ತನ್ನದೇ ಬೆರಳಿತ್ತು.

ಓಡಿ ಬಂದಾಗ ತಾಯಿಯವರು ಕೆಸರಿನ ಗುಂಡಿಯಲ್ಲಿ ನಿಂತು ಮಣ್ಣು ತುಳಿಯುತ್ತಿದ್ದರು.

“ಕರಗಾಕತ್ತೈತ್ರಿ, ತಾಯಿ.”

“ಗೊತ್ತೈತಿ,” ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಮಗಳನ್ನು ಮಣ್ಣು ಮಾಡಿದ ದಿನವೂ ಅಳದ ಬಾಳವ್ವ ಆ ಗುಂಡಿಗಿಳಿದು, ತಾಯಿಯವರ ಭುಜ ಹಿಡಿದು, ಅಳುತ್ತ ತುಳಿದಳು. ಕೊರಳಿನದು ಕಾಲಡಿಯ ಮಣ್ಣಿಗೆ ಇಳಿಯುತ್ತಲೇ ಇತ್ತು. ತಾಯಿಯವರು ಕಾಲು ನಿಲ್ಲಿಸಲಿಲ್ಲ. ಅದೇ ಮಣ್ಣಿನಲ್ಲಿ ಉಳಿದ ಬಿಲ್ಲೆಗಳಾದವು.

“ತಿಳೀತೇನು ಅಂತ ಕೇಳಬ್ಯಾಡ್ರಿ, ಅಕ್ಕಾರ,” ಎಂದಳು ನನಗೆ. “ಇವತ್ತಿಗೂ ತಿಳದಿಲ್ಲ. ಆದ್ರ ಬೆಂಕಿ ನಾನ ಹಾಕಿದೆ.”

ಅಲ್ಲಿಂದ ಮುಂದೆ ಅವಳು ಓಣಿಯ ಹುಡುಗಿಯರಿಗೆಲ್ಲ ಮಣ್ಣಿನ ಸರ, ಓಲೆ ಮಾಡಿ ಹಾಕುತ್ತಿದ್ದಳು. ದಿನಾ ಬೆಳಿಗ್ಗೆ ತಾಯಿಯವರ ಮಗೆಗೆ ನೀರು ತುಂಬುವ ಸೇವೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಆ ಆವಿಗೆಗೆ ತಗುಲಿದ ವೆಚ್ಚ: ಕಟ್ಟಿಗೆ, ಬೆರಣಿ, ಮನೆಯವರೆಲ್ಲರ ದುಡಿಮೆ, ಮತ್ತು ಚಂದ್ರವ್ವನ ಸರ. ಬಿಲ್ಲೆಗಳು ಗೋಡೆಯ ಮೇಲಿವೆ. ಆ ಹುಡುಗಿಯ ಬೆರಳ ಗುರುತು ಈಗ ಎಲ್ಲಿಯೂ ಇಲ್ಲ.