ಹನ್ನೆರಡನೇ ಗೋಡೆಯೊಳಗಿನ ಮರಿ

ಮರದ ಹೊಟ್ಟೆಯಲ್ಲಿ ಒಂದು ತೂತಿರುತ್ತದೆ. ಅಳಿಲು ಅದರಲ್ಲಿ ಮಲಗುತ್ತದೆ. ಅದಕ್ಕೊಂದು ಹೆಸರಿದೆ. ಪೊ... ಪೊಟ್ಟಣ? ಅಲ್ಲ. ಪೊದೆ? ಅದೂ ಅಲ್ಲ. ಈ ಊರಲ್ಲಿ ಆ ಮಾತು ಆಡುವವರೇ ಇಲ್ಲ. ಇರಲಿ, ಕಥೆ ನಡೆಯುತ್ತಾ ಬಂದೀತು. ಪುಟ್ಟೀ, ನೀವೆಲ್ಲ ಹೂಂ ಅನ್ನುತ್ತಿರಿ. ಹೂಂ ಅನ್ನುವವರಿಲ್ಲದೆ ಕಥೆ ಹೆಜ್ಜೆ ಇಡುವುದಿಲ್ಲ.

ಒಂದು ಹೊಂಗೆ ಮರ. ಮರದ ತೂತಿನಲ್ಲಿ ಒಬ್ಬಳು ಅಳಿಲಮ್ಮ. ಅವಳಿಗೆ ಒಂದೇ ಮರಿ. ಅದು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮರದ ನೆರಳಲ್ಲಿ ಊರ ಮಕ್ಕಳು ಕೂತು ಓದುತ್ತಿದ್ದರು. ಅವರ ಶಾಲೆ ಮಳೆಗೆ ಬಿದ್ದುಹೋಗಿತ್ತು.

ಒಂದು ದಿನ ಹೊಸ ಶಾಲೆ ಬಂತು. ಲಾರಿಯ ಮೇಲೆ ಬಂತು. ಹಿಂದೆಲ್ಲ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುತ್ತಿದ್ದರು. ಈಗ ಕಾರ್ಖಾನೆಯಲ್ಲೇ ಮಾಡಿ ಕಳಿಸುತ್ತಾರೆ. ಗೋಡೆಗೆ ಗೋಡೆಯೇ ಬರುತ್ತದೆ. ಸೂರಿಗೆ ಸೂರೇ ಬರುತ್ತದೆ. ಮೈಮೇಲೆ ನಂಬರು ಬರೆದಿರುತ್ತದೆ. ಒಂದು, ಎರಡು, ಮೂರು ಅಂತ ನಿಲ್ಲಿಸಿ ಬೋಲ್ಟು ಬಿಗಿದರೆ ಎಂಟು ದಿನಕ್ಕೆ ಶಾಲೆ. ಆಚೆ ಊರಿಗೆ ಆಸ್ಪತ್ರೆ ಹೀಗೇ ಬಂದಿತ್ತು. ಈಚೆ ಊರಿಗೆ ಮನೆಗಳು ಹೀಗೇ ಬಂದಿದ್ದವು.

ಜಾಗ ಬೇಕಲ್ಲ, ಹೊಂಗೆ ಮರ ಕಡಿದರು. ಮಕ್ಕಳು ಬಿಸಿಲಲ್ಲಿ ಕೂತರು. ಅಳಿಲಮ್ಮ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಿದಳು. ನೆಲದ ಮೇಲೆ ಗೋಡೆಗಳು ಮಲಗಿದ್ದವು. ಹನ್ನೆರಡನೇ ಗೋಡೆಯ ತುದಿಯಲ್ಲಿ ಒಂದು ತೂತು. ಒಳಗೆ ತಂಪು, ಒಳಗೆ ಕತ್ತಲು. ಮರದ ತೂತಿನ ಹಾಗೇ ಇತ್ತು. ಅಲ್ಲೇ ಮರಿಯನ್ನು ಮಲಗಿಸಿದಳು.

ಏಳು ದಿನ ಕಳೆಯಿತು. ಎಂಟನೇ ದಿನ ಬೆಳಿಗ್ಗೆ ಮರಿಗೆ ಹಾಸಲು ಹತ್ತಿ ತರೋಣವೆಂದು ಹೊಲಕ್ಕೆ ಹೋದಳು. ಹತ್ತಿ ತಂದು ನೋಡುತ್ತಾಳೆ, ಗೋಡೆ ಎದ್ದು ನಿಂತಿದೆ. ತೂತಿನ ಮೇಲೆ ಸೂರು ಕೂತಿದೆ. ಒಳಗಿಂದ ಸಣ್ಣ ದನಿ. ಚೀಂ, ಚೀಂ, ಚೀಂ.

"ಗೋಡೆ, ಗೋಡೆ, ಬಾಯಿ ಬಿಡು. ನನ್ನ ಮರಿ ಒಳಗಿದೆ."

ತಲೆಯ ಮೇಲೆ ಸೂರು ಹೊತ್ತು ಹೇಗೆ ಬಾಯಿ ಬಿಡಲಿ, ಸೂರನ್ನು ಕೇಳು ಅಂದಿತು ಗೋಡೆ.

"ಸೂರೇ, ಸೂರೇ, ಮೇಲೇಳು. ಗೋಡೆ ಬಾಯಿ ಬಿಡದು. ನನ್ನ ಮರಿ ಒಳಗಿದೆ."

ನನ್ನನ್ನು ಬೋಲ್ಟು ಕಚ್ಚಿಕೊಂಡಿದೆ, ಬೋಲ್ಟನ್ನು ಕೇಳು ಅಂದಿತು ಸೂರು.

"ಬೋಲ್ಟೇ, ಬೋಲ್ಟೇ, ಸಡಿಲಾಗು. ಸೂರು ಮೇಲೇಳದು. ಗೋಡೆ ಬಾಯಿ ಬಿಡದು. ನನ್ನ ಮರಿ ಒಳಗಿದೆ."

ನಾನಾಗಿ ತಿರುಗಿದವನಲ್ಲ, ತಿರುಗಿಸುವ ಪಾನಾ ಫಿಟ್ಟರ್ ಖಾಜಣ್ಣನ ಕೈಯಲ್ಲಿದೆ ಅಂದಿತು ಬೋಲ್ಟು.

ಖಾಜಣ್ಣ ಚಹಾ ಕುಡಿಯುತ್ತಿದ್ದ.

"ಖಾಜಣ್ಣ, ಖಾಜಣ್ಣ, ಪಾನಾ ಹಿಡಿ. ಬೋಲ್ಟು ಸಡಿಲಾಗದು. ಸೂರು ಮೇಲೇಳದು. ಗೋಡೆ ಬಾಯಿ ಬಿಡದು. ನನ್ನ ಮರಿ ಒಳಗಿದೆ."

ಖಾಜಣ್ಣ ಲೋಟ ಕೆಳಗಿಟ್ಟ. ಗೋಡೆಗೆ ಕಿವಿ ಹಚ್ಚಿದ. ಚೀಂ, ಚೀಂ. ಅವನ ಮುಖ ಸಣ್ಣದಾಯಿತು.

"ಗಾರೆ ಗೋಡೆ ಆಗಿದ್ದರ ಒಡೀಬೇಕಾಗ್ತಿತ್ತು, ತಾಯಿ. ಇದು ಬಿಚ್ಚೋ ಗೋಡೆ. ಆದರ ಕಡೀಗೆ ಕೂಡಿಸಿದ್ದು ಮೊದಲ ಬಿಚ್ಚಬೇಕು. ಮೊದಲ ಸೂರು. ಕ್ರೇನು ಹಿಡೀಲಾರದ ಬೋಲ್ಟು ಬಿಚ್ಚಿದರ ಸೂರು ನಮ್ಮ ತಲೀ ಮ್ಯಾಲೆ."

ಅಳಿಲಮ್ಮ ಕ್ರೇನು ಹತ್ತಿದಳು. ಕ್ರೇನು ನಡೆಸುವವನು ಯಮನೂರಪ್ಪ. ಅವನು ಹೊರಡಲು ತಯಾರಾಗಿದ್ದ. ಮುಂದೆ ನಾಲ್ಕು ಊರು ಅವನಿಗಾಗಿ ಕಾಯುತ್ತಿದ್ದವು.

"ಯಮನೂರಪ್ಪ, ಯಮನೂರಪ್ಪ, ಸೂರು ಹಿಡಿ. ಖಾಜಣ್ಣ ಪಾನಾ ಹಿಡಿಯನು. ಬೋಲ್ಟು ಸಡಿಲಾಗದು. ಸೂರು ಮೇಲೇಳದು. ಗೋಡೆ ಬಾಯಿ ಬಿಡದು. ನನ್ನ ಮರಿ ಒಳಗಿದೆ."

"ನಿಮ್ಮ ಹಿರ್ಯಾರು ಸೇತುವೆ ಕಟ್ಟಾಕ ಬಂದಿದ್ದರು," ಅಂದ ಯಮನೂರಪ್ಪ. "ನೀ ಸಾಲಿ ಬಿಚ್ಚಾಕ ಬಂದೀಯೇನ?"

ಅಳಿಲಮ್ಮ ನಗಲಿಲ್ಲ. ಯಮನೂರಪ್ಪನೂ ನಗು ನಿಲ್ಲಿಸಿದ. ಇಂಜಿನಿಯರ್ ಪಾರ್ವತಕ್ಕ ಕೈ ಮೇಲೆತ್ತಿದರೆ ನಾನು ಎತ್ತುತ್ತೇನೆ, ಕೈ ಇಳಿಸಿದರೆ ಇಳಿಸುತ್ತೇನೆ, ಅವಳನ್ನು ಕೇಳು ಅಂದ.

ಹೊತ್ತು ಮಧ್ಯಾಹ್ನ ದಾಟಿತು. ಗೋಡೆಯೊಳಗೆ ದನಿ ಒಂದೇ ಆಯಿತು. ಚೀಂ.

"ಪಾರ್ವತಕ್ಕ, ಪಾರ್ವತಕ್ಕ, ಕೈ ಎತ್ತು. ಯಮನೂರಪ್ಪ ಸೂರು ಹಿಡಿಯನು. ಖಾಜಣ್ಣ ಪಾನಾ ಹಿಡಿಯನು. ಬೋಲ್ಟು ಸಡಿಲಾಗದು. ಸೂರು ಮೇಲೇಳದು. ಗೋಡೆ ಬಾಯಿ ಬಿಡದು. ನನ್ನ ಮರಿ ಒಳಗಿದೆ."

ಪಾರ್ವತಕ್ಕ ಮಕ್ಕಳ ಕಡೆ ನೋಡಿದಳು. ನಾಳೆ ಬೆಳಿಗ್ಗೆ ನೆರಳಲ್ಲಿ ಕೂರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಇಂದು ಸೂರು ತೆಗೆದರೆ ಮತ್ತೆ ಕೂರಿಸುವುದು ನಾಳೆ ಸಂಜೆಗೇ. ಮಕ್ಕಳು ಇನ್ನೊಂದು ದಿನ ಬಿಸಿಲಲ್ಲಿ.

"ಆ ದಿನ ನನ್ನದಲ್ಲ, ಅವರದು," ಅಂದಳು. "ಅವರನ್ನು ಕೇಳು."

ಬಿಸಿಲಲ್ಲಿ ಮಕ್ಕಳು ಕೂತಿದ್ದರು. ತಲೆಯ ಮೇಲೆ ಪಾಟಿಚೀಲ ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಸಣ್ಣವಳು ಮುಂದಿದ್ದಳು. ಹೆಸರು ಹುಲಿಗಿ. ಹೆಸರು ಕೇಳಿ ಅಳಿಲಮ್ಮನಿಗೆ ಜೀವ ಝಲ್ಲೆಂದಿತು. ಆದರೂ ಹತ್ತಿರ ಹೋದಳು.

"ಹುಲಿಗಿ, ಹುಲಿಗಿ, ಹೂಂ ಅನ್ನು. ಪಾರ್ವತಕ್ಕ ಕೈ ಎತ್ತಳು. ಯಮನೂರಪ್ಪ ಸೂರು ಹಿಡಿಯನು. ಖಾಜಣ್ಣ ಪಾನಾ ಹಿಡಿಯನು. ಬೋಲ್ಟು ಸಡಿಲಾಗದು. ಸೂರು ಮೇಲೇಳದು. ಗೋಡೆ ಬಾಯಿ ಬಿಡದು. ನನ್ನ ಮರಿ ಒಳಗಿದೆ."

ಹುಲಿಗಿಯ ಮೂಗಿನ ಮೇಲೆ ಬೆವರಿತ್ತು. ಅವಳು ಹೊಸ ಶಾಲೆಯ ಕಡೆ ನೋಡಿದಳು. ಅದರ ಬಾಗಿಲೊಳಗೆ ತಂಪು ನೆರಳು ಕಾಣುತ್ತಿತ್ತು.

"ನೀ ಅದರ ಅವ್ವ ಏನ?"

"ಹೌದು."

ಹುಲಿಗಿ ಹಿಂದೆ ತಿರುಗಿದಳು. ಹಿಂದಿನವರು ತಲೆಯಾಡಿಸಿದರು.

"ಎಂಟು ದಿನ ಬಿಸಿಲಾಗ ಕುಂತೀವಿ. ಇನ್ನೊಂದು ದಿನ ಕುಂದರ್ತೀವಿ," ಅಂದಳು. "ಹೂಂ."

ನೀವೂ ಅನ್ನಿ. ಹೂಂ.

ಹುಲಿಗಿ ಹೂಂ ಅಂದಳು. ಪಾರ್ವತಕ್ಕ ಕೈ ಎತ್ತಿದಳು. ಯಮನೂರಪ್ಪ ಸೂರು ಹಿಡಿದ. ಖಾಜಣ್ಣ ಪಾನಾ ಹಿಡಿದ. ಬೋಲ್ಟು ಸಡಿಲಾಯಿತು. ಸೂರು ಮೇಲೆದ್ದಿತು. ಗೋಡೆ ಬಾಯಿ ಬಿಟ್ಟಿತು.

ಒಳಗೆ ದನಿಯಿಲ್ಲ.

ಅಳಿಲಮ್ಮ ಒಳಗಿಳಿದಳು. ಮರಿಯ ಮೈ ತಣ್ಣಗಿತ್ತು. ನೆಕ್ಕಿದಳು. ಹತ್ತಿ ಹೊದಿಸಿ ಮತ್ತೆ ನೆಕ್ಕಿದಳು. ಕ್ರೇನು ಸದ್ದು ಮಾಡಲಿಲ್ಲ. ಮಕ್ಕಳು ಉಸಿರು ಬಿಡಲಿಲ್ಲ.

ಚೀಂ.

ಅಷ್ಟೇ. ಒಂದೇ ಸಲ. ಸಾಕಾಯಿತು.

ಅಳಿಲಮ್ಮ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೋಡೆಯಿಂದ ಹೊರಬಂದಳು. ಮರುದಿನ ಮಕ್ಕಳು ಬಿಸಿಲಲ್ಲಿ ಕೂತರು. ಹುಲಿಗಿ ಪಾಟಿಯ ಮೇಲೆ ಲೆಕ್ಕ ಮಾಡಿದಳು. ಸಂಜೆ ಸೂರು ಇಳಿಯಿತು, ಬೋಲ್ಟು ಬಿಗಿಯಿತು. ಹೊರಡುವ ಮೊದಲು ಖಾಜಣ್ಣ ಅಂಥದೇ ತೂತಿದ್ದ ಗೋಡೆಯ ಒಂದು ಉಳಿಕೆ ತುಂಡು ತೆಗೆದುಕೊಂಡ. ರಸ್ತೆಯಾಚೆಯ ಬೇವಿನ ಮರಕ್ಕೆ ಏರಿಸಿ, ತೂತು ಹೊರಗೆ ಕಾಣುವ ಹಾಗೆ ಬಿಗಿದ. ಬೋಲ್ಟು ಅಲ್ಲ, ಹಗ್ಗ. ಅಳಿಲಮ್ಮ ಹತ್ತಿಯನ್ನೂ ಮರಿಯನ್ನೂ ಒಳಗೆ ಸಾಗಿಸಿದಳು. ಒಳಗೆ ತಂಪು, ಒಳಗೆ ಕತ್ತಲು. ಹೊಂಗೆ ಮರದಲ್ಲಿದ್ದ ಆ ಮನೆಯ ಹಾಗೇ, ಆ...

ಪೊಟರೆ.

ಹೌದು, ಪೊಟರೆ. ಪುಟ್ಟೀ, ಪೆನ್ಸಿಲ್ ತಗೋ. ನಾನು ಮತ್ತೆ ಮರೆಯುವ ಮೊದಲು ಬರೆದಿಡು.