ಖಾಲಿಯಾಗದ ಕೋಣೆ

ಅಗರಬತ್ತಿ ಕಾರ್ಖಾನೆಯ ಹೆಂಗಸರು ಫೋನಿನಲ್ಲೊಂದು ಚಾಟ್ ಕೋಣೆ ಮಾಡಿ ಪಾಸ್‌ವರ್ಡ್ ಹಾಕಿದ್ದರು. ಎಲ್ಲರೂ ಹೊರಬಿದ್ದರೆ ಆ ಪಾಸ್‌ವರ್ಡ್ ಅಳಿಸಿಹೋಗುತ್ತಿತ್ತು. ಆಮೇಲೆ ಮೊದಲು ನುಗ್ಗಿದವರೇ ಕೋಣೆಗೆ ಒಡೆಯರು.

ಸೂಪರ್‌ವೈಸರ್ ನಂಜರಾಜ ಕೆಲಸದ ಹೊತ್ತಿನಲ್ಲಿ ಶೌಚಾಲಯಕ್ಕೆ ಬೀಗ ಜಡಿಯುತ್ತಿದ್ದ. ತನ್ನ ಮೇಲಿನ ದೂರು ಆ ಕೋಣೆಯಲ್ಲೇ ಸಿದ್ಧವಾಗುತ್ತಿದೆ ಎಂದು ತಿಳಿದು ಕೆಂಡವಾದ.

"ನನ್ನ ಕಣ್ಣೆದುರೇ ಎಲ್ಲರೂ ಅದರಿಂದ ಹೊರಗೆ ಬನ್ನಿ!"

ಹೆಂಗಸರು ಹಲ್ಲು ಕಚ್ಚಿಕೊಂಡು ಹೊರಬಂದರು. ನಂಜರಾಜ ತನ್ನ ಫೋನಿನಿಂದ ಒಳಗೆ ನುಗ್ಗಲು ಹೋದ. ಕೋಣೆ ಪಾಸ್‌ವರ್ಡ್ ಕೇಳಿತು.

"ಒಳಗಿನ್ನೂ ಯಾರಿದ್ದಾರೆ?"

"ನಮ್ಮತ್ತೆ, ಸಾರ್," ಎಂದಳು ಪ್ಯಾಕಿಂಗಿನ ಸಾಕಮ್ಮ. "ನನ್ನ ಹಳೇ ಫೋನ್ ಕೊಟ್ಟು, ಕಾವಲಿಗೆ ಕೂರಿಸಿ ಬಂದಿದೀನಿ."

"ಹೊರಗೆ ಬರೋಕೆ ಹೇಳು!"

ಸಾಕಮ್ಮ ಅತ್ತೆಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಅತ್ತೆ, ನೀವು ಹೊರಗೆ ಬರಬೇಕಂತೆ. ಸೂಪರ್‌ವೈಸರ್ ಹೇಳ್ತಾ ಅವ್ರೆ."

"ಅದೇ ಕಾರ್ಖಾನೇಲಿ ಬತ್ತಿ ಹೊಸೀತಾ, ತಡ್ಕೊಂಡೂ ತಡ್ಕೊಂಡೂ ಕಾಯಿಲೆ ಹಚ್ಕೊಂಡೋಳು ನಾನು," ಎಂದು ಮುದುಕಿ ಗುಡುಗಿದಳು. "ಮೊದಲು ಅವನು ಕಕ್ಕಸಿನ ಬೀಗ ತೆಗೀಲಿ!"

ಹೆಂಗಸರೆಲ್ಲ ಕೆಲಸ ಬಿಟ್ಟು ಎದ್ದು ನಿಂತರು. ನಂಜರಾಜ ಕೀಲಿಕೈಯನ್ನು ಮೇಜಿನ ಮೇಲೆ ಎಸೆದ. ಅವನಿಗೆ ಯಾರೂ ಧನ್ಯವಾದ ಹೇಳಲಿಲ್ಲ. ಸಂಜೆಯೊಳಗೆ ದೂರು ಮಾಲೀಕರ ಕೈ ಸೇರಿತು.